ತೊಂಬತ್ಮೂರು ಇಂಚು

ಜನವರಿ 20, 2025, ಸೋಮವಾರ. ಚಾಂದ್‌ಖೇಡಾ

ಕಂಪನಿ ಪ್ರತಿ ವರ್ಷ ಕೊಡುವ ಡೈರಿಯಲ್ಲಿ ಇದುವರೆಗೆ ಬರೆದದ್ದೆಲ್ಲ ಗಾಡಿಗಳ ಸರ್ವಿಸ್ ದಿನಾಂಕ, ನನ್ನ ಬಿ.ಪಿ., ಹುಬ್ಬಳ್ಳಿ ರೈಲಿನ ನಂಬರು. ಇವತ್ತು ಬೇರೆ ಬರೆಯುತ್ತೇನೆ. ತಲೆಯೊಳಗೆ ಎಲ್ಲ ಕಲಸಿಹೋಗಿದೆ. ಕಾಗದದ ಮೇಲೆ ಇಟ್ಟರೆ ಒಂದು ಕ್ರಮಕ್ಕೆ ಬಂದೀತು.

ಆದದ್ದು ಇಷ್ಟು. ಈ ತಿಂಗಳ ಐದರ ಭಾನುವಾರ, ವಡೋದರಾದ ಆಚೆ ಮಹಿ ನದಿಯ ಕೊರಕಲುಗಳಲ್ಲಿ, ನನ್ನ ಮಗಳು ನಿಕಿತಾ ಮತ್ತು ಅವಳ ಗೆಳೆಯ ಅಭಿಷೇಕ್ ಸೇರಿ ಕಟ್ಟಿದ ಜೀಪು ಏರು ಹತ್ತುವಾಗ ಹಿಂದಕ್ಕೆ ಮಗುಚಿ, ಪಕ್ಕಕ್ಕೆ ಉರುಳಿತು. ಓಡಿಸುತ್ತಿದ್ದವನು ಆ ಹುಡುಗ. ಕುತ್ತಿಗೆಗೆ ಪೆಟ್ಟು. ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಇಪ್ಪತ್ತೇಳು ವರ್ಷ. ಪಕ್ಕದ ಸೀಟಿನಲ್ಲಿದ್ದ ನಿಕಿತಾಳ ಭುಜದ ಎಲುಬು ಮುರಿದಿದೆ. ಇಬ್ಬರೂ ವಡೋದರಾದಲ್ಲಿ ಒಂದೇ ಕಾರ್ಖಾನೆಯ ಡಿಸೈನ್ ವಿಭಾಗದವರು. ಮದುವೆಯ ಮಾತನ್ನು ಇನ್ನೂ ಯಾರೂ ಎತ್ತಿರಲಿಲ್ಲ, ಎರಡೂ ಮನೆಯವರು ಅವರೇ ಹೇಳಲಿ ಎಂದು ಕಾಯುತ್ತಿದ್ದೆವು.

ತಾಂತ್ರಿಕವಾಗಿ ನೋಡಿದರೆ ವಾಹನ ಚೆನ್ನಾಗಿಯೇ ಇತ್ತು. ಅವರು ಕೊಂಡ ಹಳೆಯ ಚಾಸಿಯ ವೀಲ್‌ಬೇಸ್, ಅಂದರೆ ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿನವರೆಗಿನ ಅಂತರ, ತೊಂಬತ್ಮೂರು ಇಂಚು. ಅದನ್ನು ಹಾಗೇ ಇಡುವುದೋ, ನಡುವೆ ಹದಿಮೂರು ಇಂಚು ಕತ್ತರಿಸಿ ಎಂಬತ್ತಕ್ಕೆ ತರುವುದೋ ಎಂಬ ಪ್ರಶ್ನೆ ಬಂದಿತ್ತು. ಉದ್ದ ಗಾಡಿ ದಿಬ್ಬದ ನೆತ್ತಿಯ ಮೇಲೆ ಹೊಟ್ಟೆ ಊರಿ ಕೂತುಬಿಡುತ್ತದೆ, ಇಕ್ಕಟ್ಟಿನಲ್ಲಿ ತಿರುಗುವುದಿಲ್ಲ. ಗಿಡ್ಡ ಗಾಡಿ ಮೇಕೆಯ ಹಾಗೆ. ನನ್ನ ಅಭಿಪ್ರಾಯ ಕೇಳಿದರು, ಹೇಳಿದೆ. ತೀರ್ಮಾನ ಅವರದು, ಎಂಬತ್ತಕ್ಕೇ ತಂದರು. ಎಂಬತ್ತು ಇಂಚಿನ ಜೀಪಿನಲ್ಲಿ ನಾನು ಮೆಹಸಾಣಾ ಕಡೆಯ ತೈಲಬಾವಿಗಳನ್ನು ಹನ್ನೊಂದು ವರ್ಷ ಸುತ್ತಿದ್ದೇನೆ. ಒಮ್ಮೆಯೂ ಮಗುಚಿಲ್ಲ.

ಉತ್ತರಾಯಣ, ಇಲ್ಲಿನ ಗಾಳಿಪಟದ ಸಂಕ್ರಾಂತಿ, ಮುಗಿದು ಆರು ದಿನವಾದರೂ ಕ್ವಾರ್ಟರ್ಸಿನ ಬೇವಿನ ಮರದ ತುಂಬ ಹರಿದ ಗಾಳಿಪಟ. ಈ ಸಲ ನಮ್ಮ ಮನೆಯವರು ಯಾರೂ ಟೆರೇಸಿಗೆ ಹೋಗಲಿಲ್ಲ.

ಜನವರಿ 23, ಗುರುವಾರ

ಅಂದು ಕೊರಕಲುಗಳಲ್ಲಿ ಜೀಪು ಹತ್ತಿಸುವ ಕೂಟ ನಡೆಸಿದ ಆಫ್‌ರೋಡ್ ಕ್ಲಬ್ಬಿನ ಸೆಕ್ರೆಟರಿ ಆದರ್ಶ ಪಟೇಲ್ ಫೋನ್ ಮಾಡಿದ್ದ. ಬೋಡಕ್‌ದೇವ್‌ನಲ್ಲಿ ಅವನ ಆಫೀಸು. “ಸರ್, ನೀವು ಸೀನಿಯರ್, ಗಾಡಿ ಲೈನಿನವರು. ಒಂದು ಪೇಜ್ ಬರೆದುಕೊಡಿ, ಯಾಕೆ ಆಯ್ತು ಅಂತ. ಕ್ಲಬ್ಬಿನ ಫೈಲಿಗೆ ಬೇಕು,” ಎಂಬುದು ಅವನ ಹಿಂದಿಯ ಸಾರಾಂಶ. ಆಗಲಿ ಎಂದೆ. ಮೂವತ್ತೈದು ವರ್ಷ ಕಂಪನಿಯ ಗಾಡಿಗಳ ಅಪಘಾತಕ್ಕೆಲ್ಲ ರಿಪೋರ್ಟ್ ಬರೆದವನು ನಾನೇ.

ಅಂದಿನ ವಿಡಿಯೋ ಎಲ್ಲ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇಪ್ಪತ್ತೆರಡು ಸೆಕೆಂಡು. ಹತ್ತುವ ಮುಂಚೆ ಆ ಹುಡುಗ ಕಿಟಕಿಯಿಂದ ಕೈ ಹೊರಗೆ ಹಾಕಿ “ಚಾಲೋ!” ಎಂದು ಕೂಗುತ್ತಾನೆ. ಕೆಳಗೆ ಜನ ಬರೆದಿದ್ದಾರೆ: ಶೋಕಿ, ಹೀರೋಗಿರಿ, ಶ್ರೀಮಂತರ ಮಕ್ಕಳ ಆಟ. ಶ್ರೀಮಂತ ಏನಲ್ಲ, ಅವನ ಅಪ್ಪ ಬ್ಯಾಂಕಿನವರು.

ನಿಕಿತಾ ತನ್ನ ಕೋಣೆಯಲ್ಲೇ ಇದ್ದಾಳೆ. ಒಂದು ಕೈ ಜೋಲಿಯಲ್ಲಿ. ನನ್ನ ಹೆಂಡತಿ ಪದ್ಮಾವತಿ ತಲೆ ಬಾಚಿದರೆ ಬಾಚಿಸಿಕೊಳ್ಳುತ್ತಾಳೆ, ಊಟ ಕೊಟ್ಟರೆ ಉಣ್ಣುತ್ತಾಳೆ. ನಾನು ಒಳಗೆ ಹೋದರೆ ಗೋಡೆಯ ಕಡೆ ತಿರುಗುತ್ತಾಳೆ. ಭುಜದ ನೋವಿರಬೇಕು.

ಜನವರಿ 26, ಭಾನುವಾರ

ದಿವಾಕರ ಬಂದಿದ್ದರು. ಆ ಹುಡುಗನ ತಂದೆ. ತುಮಕೂರಿನ ಕಡೆಯವರು, ಬ್ಯಾಂಕಿನ ವರ್ಗಾವಣೆಯಲ್ಲಿ ಸೂರತ್‌ಗೆ ಬಂದು ಅಲ್ಲೇ ನಿಂತವರು. ಬೆಳಿಗ್ಗೆ ರೈಲಿನಲ್ಲಿ ಒಬ್ಬರೇ ಬಂದರಂತೆ. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಯಾವುದೋ ಕಚೇರಿಗೆ ಹೊರಟವರ ಹಾಗೆ.

ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಉತ್ತರಗಳನ್ನೆಲ್ಲ ಜೋಡಿಸಿಟ್ಟುಕೊಂಡೆ. ಅವರು ಕೂರಲೂ ಇಲ್ಲ. ನನ್ನ ಎರಡೂ ಕೈ ಹಿಡಿದುಕೊಂಡರು.

“ಜಯತೀರ್ಥರೇ, ಕ್ಷಮೆ ಕೇಳೋಕ್ ಬಂದಿದೀನಿ. ನನ್ನ ಮಗ ನಿಮ್ಮ ಮಗಳನ್ನ ಕೊಂದುಬಿಡ್ತಿದ್ದ.”

ನಾನು ಏನೋ ಅಂದೆ. ಕೂತುಕೊಳ್ಳಿ ಅಂದಿರಬೇಕು.

“ಚಿಕ್ಕಂದಿನಿಂದ ಹೇಳ್ದೆ ಸಾರ್, ಗಾಡಿ ಹುಚ್ಚು ಬೇಡ ಕಣೋ ಅಂತ. ಆ ವಿಡಿಯೋ ನೋಡಿದ್ರಾ? ಪಕ್ಕದಲ್ಲಿ ಒಂದು ಹೆಣ್ಣು ಮಗು ಕೂತಿದೆ ಅನ್ನೋ ಜ್ಞಾನ ಬೇಡ್ವಾ? ಕೂಗ್ತಾನೆ! ಸತ್ತವನ ಮೇಲೆ ಸಿಟ್ಟು ಮಾಡ್ಕೋಬಾರದು ಅಂತಾರೆ. ನನಗೆ ಬರೋದೇ ಸಿಟ್ಟು. ಅವನ ಫೋಟೋ ಕೂಡ ಹಾಕಿಲ್ಲ ಇನ್ನೂ. ಪದ್ಮಾ ಹಾಕಿದ್ಲು, ತೆಗೆದಿಟ್ಟೆ.”

ಪದ್ಮಾ ಅವರ ಹೆಂಡತಿ. ನಮ್ಮ ಪದ್ಮಾವತಿ ಚಹಾ ತಂದಿಟ್ಟಳು. ಅವರು ಕುಡಿದು, ಕಪ್ಪು ತಾವೇ ಅಡುಗೆಮನೆಗೆ ಇಟ್ಟು ಬಂದರು. ನಿಕಿತಾಳ ಬಾಗಿಲ ಬಳಿ ನಿಂತು, ಒಳಗೆ ಹೋಗದೆ, “ಬೇಗ ವಾಸಿಯಾಗ್ಲಿ ಮಗಾ,” ಅಂದರು. ಹನ್ನೆರಡರ ಗಾಡಿಗೆ ಹೊರಟರು.

ದುಃಖದಲ್ಲಿರುವವರ ಜೊತೆ ತಾಂತ್ರಿಕ ವಿಷಯ ಮಾತಾಡುವುದು ಸರಿಯಲ್ಲ. ಅದಕ್ಕೇ ನಾನು ಎತ್ತಲಿಲ್ಲ.

ಜನವರಿ 27

ನಿಕಿತಾ ಮಾತಾಡಿದಳು. ಇಪ್ಪತ್ತೆರಡು ದಿನದಲ್ಲಿ ನನ್ನ ಜೊತೆ ಇದೇ ಮೊದಲು.

“ಪಪ್ಪಾ, ಅಂಕಲ್ ಸಾರಿ ಹೇಳ್ತಿದ್ದಾಗ ನೀವು ಸುಮ್ಮನೆ ಕೂತಿತ್ತು.”

ಇಲ್ಲೇ ಬೆಳೆದವಳು. ಕನ್ನಡ ಸ್ವಲ್ಪ ಹೀಗೆಯೇ. ತಿದ್ದಲು ಹೋಗಿ ಬಿಟ್ಟೆ. ಅವಳು ಬಾಗಿಲು ಹಾಕಿಕೊಂಡಳು.

ಫೆಬ್ರವರಿ 3, ಸೋಮವಾರ

ರಿಪೋರ್ಟ್ ಕಳಿಸಿದೆ. ಒಂದು ಪುಟ, ಆರು ಅಂಶ. ವೆಲ್ಡಿಂಗ್ ಸರಿಯಿತ್ತು, ಸೀಟುಗಳ ಸುತ್ತಲಿನ ಕಬ್ಬಿಣದ ಪಂಜರ ಸರಿಯಿತ್ತು, ಬ್ರೇಕ್ ಸರಿಯಿತ್ತು. ಆರನೆಯದು: “ಏರಿನ ಮಧ್ಯದಲ್ಲಿ ಅಗತ್ಯಕ್ಕಿಂತ ಹೆಚ್ಚು ವೇಗ ಕೊಟ್ಟದ್ದು ಚಾಲಕನ ನಿರ್ಣಯದ ದೋಷ.”

ಇದು ಸುಳ್ಳಲ್ಲ. ವಿಡಿಯೋದಲ್ಲಿ ಎಂಜಿನ್ನಿನ ಸದ್ದು ಏರುವುದು ಕೇಳಿಸುತ್ತದೆ.

ಆದರ್ಶ ಪಟೇಲ್ ಹತ್ತು ನಿಮಿಷದಲ್ಲಿ ಉತ್ತರಿಸಿದ: ಥ್ಯಾಂಕ್ಯೂ ಸರ್, ವೆರಿ ಕ್ಲಿಯರ್.

ಫೆಬ್ರವರಿ 4

ಬಿ.ಪಿ. 160/100.

ಫೆಬ್ರವರಿ 15, ಶನಿವಾರ. ವಡೋದರಾ

ಪೊಲೀಸರು ಜೀಪನ್ನು ಬಿಟ್ಟುಕೊಟ್ಟಿದ್ದಾರೆ. ಮಕರಪುರಾದ ಶೆಡ್ಡಿಗೆ, ಅದನ್ನು ಕಟ್ಟಿದ ಜಾಗಕ್ಕೇ, ಎಳೆದು ತಂದಿದ್ದಾರೆ ಎಂದು ಗೊತ್ತಾಯಿತು. ನಿಕಿತಾಳ ಬಾಡಿಗೆ ಮನೆಯಿಂದ ಬಟ್ಟೆ ತರುವ ನೆಪ ಹೇಳಿ ಬಂದೆ. ನೆಪ ಯಾಕೆ ಬೇಕಿತ್ತೋ ಗೊತ್ತಿಲ್ಲ.

ಶೆಡ್ಡಿನ ಯಜಮಾನ ರಣಛೋಡ್‌ಭಾಯಿ, ಅರವತ್ತು ದಾಟಿದ ವೆಲ್ಡರ್. ನನ್ನನ್ನು ನೋಡಿ ಎದ್ದು ನಿಂತ. ಜೀಪಿನ ಮೇಲೆ ನೀಲಿ ತಾಡಪತ್ರೆ ಹೊದಿಸಿದ್ದ. ತೆಗೆದ. ಚಾಲಕನ ಕಡೆಯ ಪಂಜರ ಒಳಕ್ಕೆ ಬಾಗಿದೆ. ಸೀಟಿನ ಬೆಲ್ಟನ್ನು ಕತ್ತರಿಯಿಂದ ಕತ್ತರಿಸಿ ಅವನನ್ನು ಹೊರಗೆ ತೆಗೆದಿದ್ದಾರೆ. ಅಂದರೆ ಬೆಲ್ಟ್ ಕಟ್ಟಿಕೊಂಡಿದ್ದ. ಹೆಲ್ಮೆಟ್ಟೂ ಇತ್ತು, ವಿಡಿಯೋದಲ್ಲಿ ಕಾಣುತ್ತದೆ. ನಾನು ರಿಪೋರ್ಟಿನಲ್ಲಿ ಆ ಎರಡನ್ನೂ ಬರೆದಿರಲಿಲ್ಲ.

ಅಳತೆ ತೆಗೆಯುತ್ತಿದ್ದಾಗ ರಣಛೋಡ್‌ಭಾಯಿ ತಾನಾಗಿ ಹೇಳಿದ. “ಸಾಹೇಬ್, ಲಡ್ಕೇ ನೇ ತೀನ್ ದಿನ್ ಕಾಟ್ನೇ ನಹೀ ದಿಯಾ.” ಇವನು ಚಾಸಿಗೆ ಗುರುತು ಹಾಕಿ, ಕಟರ್ ಸಿದ್ಧಮಾಡಿಕೊಂಡಿದ್ದರೂ ಹುಡುಗ ಮೂರು ದಿನ ಕತ್ತರಿಸಲು ಬಿಡಲಿಲ್ಲವಂತೆ. ಅಭಿಷೇಕ್ ದಿನಾ ಸಂಜೆ ಬಂದು ಗುರುತಿನ ಮುಂದೆ ಕೂತು ನಾಳೆ ಮಾಡೋಣ, ನಾಳೆ ಮಾಡೋಣ ಅನ್ನುತ್ತಿದ್ದನಂತೆ. ನಾಲ್ಕನೆಯ ದಿನ ಇವನೇ ಬೇಸತ್ತು, ನಿನಗೆ ಮನಸ್ಸಿಲ್ಲದಿದ್ದರೆ ಹಾಗೇ ಬಿಡೋಣ ಬೇಟಾ ಎಂದಾಗ, ಅವನು ನಕ್ಕು, “ಅಂಕಲ್ ನೇ ಬೋಲಾ ಹೈ ನಾ. ಉನ್‌ಕೋ ಮಾಲೂಮ್ ಹೋಗಾ,” ಅಂದನಂತೆ. ಅಂಕಲ್ ಹೇಳಿದ್ದಾರಲ್ಲ, ಅವರಿಗೆ ಗೊತ್ತಿರುತ್ತದೆ.

“ಕೌನ್ ಅಂಕಲ್, ಮೇರೇ ಕೋ ನಹೀ ಪತಾ,” ಅಂದ ರಣಛೋಡ್‌ಭಾಯಿ, ನನಗೆ ಚಹಾ ಸುರಿಯುತ್ತ. ಯಾವ ಅಂಕಲ್ ಎಂದು ಅವನಿಗೆ ಗೊತ್ತಿಲ್ಲ.

ಫೆಬ್ರವರಿ 17, ಸೋಮವಾರ

ರಜೆ ಹಾಕಿ ಲೆಕ್ಕ ಮಾಡಿದೆ. ನನ್ನ ಹಳೆಯ ಜೀಪಿನ ಲೆಕ್ಕವಲ್ಲ, ಅವರ ಜೀಪಿನದು. ನನ್ನದಕ್ಕೆ ಸಣ್ಣ ಟೈರು, ಹಗುರ ಎಂಜಿನ್, ಮರಳುನೆಲ. ಇದಕ್ಕೆ ಎತ್ತರದ ಟೈರು, ಹಿಂದೆ ಸ್ಟೆಪ್ನಿ, ಹಿಂದೆಯೇ ಡೀಸೆಲ್ ಟ್ಯಾಂಕು. ಭಾರವೆಲ್ಲ ಮೇಲೆ ಮತ್ತು ಹಿಂದೆ.

ಎಂಬತ್ತು ಇಂಚಿಗೆ ಹಿಂದಕ್ಕೆ ಮಗುಚುವ ಮಿತಿ ನಲವತ್ತೊಂದು ಡಿಗ್ರಿ. ತೊಂಬತ್ಮೂರಕ್ಕೆ ನಲವತ್ತೈದು. ಆ ಏರು ಮೂವತ್ತೆಂಟು. ನಡುವೆ ಮಣ್ಣಿನ ಒಂದು ಮೆಟ್ಟಿಲು, ಮುಂಚಕ್ರ ಅದನ್ನು ಹತ್ತಿದಾಗ ಇನ್ನೂ ನಾಲ್ಕು. ನಲವತ್ತೆರಡು.

ಮೂರು ಸಲ ಮಾಡಿದೆ.

ಫೆಬ್ರವರಿ 18

ನಾಲ್ಕನೆಯ ಸಲವೂ ಅದೇ.

ಫೆಬ್ರವರಿ 22, ಶನಿವಾರ

ಪದ್ಮಾವತಿಗೆ ಹೇಳಿದೆ. ಮಧ್ಯಾಹ್ನ ಅವಳು ಮೆಂತ್ಯ ಸೋಸುತ್ತಿದ್ದಳು. ಸೂರತ್‌ಗೆ ಹೋಗಬೇಕು ಅಂದೆ.

“ಯಾಕ ಹೋಗ್ತೀರಿ? ಹೋದಾಂವ ತಿರುಗಿ ಬರ್ತಾನೇನು?”

“ದಿವಾಕರ ಅವನನ್ನ ಬಯ್ಯಾಕತ್ತಾರ, ಪದ್ದಿ. ಅಂವ ಏನೂ ಮಾಡಿಲ್ಲ.”

“ನಿಮಗ ಏಪ್ರಿಲ್‌ನ್ಯಾಗ ರಿಟೈರ್‌ಮೆಂಟ್ ಐತಿ. ಅವರು ಪೊಲೀಸ್‌ನ್ಯಾಗ ಬರದು ಕೊಟ್ಟರ? ನಿಮ್ಮ ಹೆಸರು ಎಲ್ಲೂ ಇಲ್ಲ ಅಂದಮ್ಯಾಗ ನೀವಾಗಿ ಯಾಕ ಕುತಿಗಿ ಕೊಡ್ತೀರಿ?” ಸೊಪ್ಪು ಬುಟ್ಟಿಗೆ ಹಾಕಿ ಮತ್ತೆ ತೆಗೆದಳು. “ನಿಕ್ಕಿ ಮುಂದ ಹೇಳಿದಿರೇನು?”

“ಆಕಿಗೆ ಗೊತ್ತೈತಿ. ಆಕಿ ಅಲ್ಲೇ ಕೂತಿದ್ದಳಲ್ಲ, ಆ ದಿನ ಊಟಕ್ಕ.”

ಪದ್ಮಾವತಿ ಕೈಯಲ್ಲಿದ್ದ ಸೊಪ್ಪು ಹಾಗೇ ಹಿಡಿದುಕೊಂಡಳು. ಆಮೇಲೆ ಬಹಳ ಸಣ್ಣಗೆ, “ನಾನೂ ಇದ್ದೆ. ಹೋಳಿಗಿ ಬಡಿಸಾಕತ್ತಿದ್ದೆ,” ಅಂದಳು.

ಮಾರ್ಚ್ 2, ಭಾನುವಾರ. ರೈಲಿನಲ್ಲಿ, ಸೂರತ್‌ನಿಂದ ಹಿಂದಿರುಗುತ್ತ

ಈಗಲೇ ಬರೆಯಬೇಕು. ನಾಳೆಗೆ ಬಿಟ್ಟರೆ ಮತ್ತೆ ಚಂದ ಮಾಡಿ ಬರೆಯುತ್ತೇನೆ.

ಅಡಾಜಣ್‌ನಲ್ಲಿ ಅವರ ಫ್ಲ್ಯಾಟು, ಐದನೆಯ ಮಹಡಿ. ಬಾಗಿಲು ತೆರೆದವರು ಪದ್ಮಾ. ನಿಕಿತಾ ಹೇಗಿದ್ದಾಳೆ ಎಂದು ಮೂರು ಸಲ ಕೇಳಿದರು. ದಿವಾಕರ ಒಳಗಿನಿಂದ ಬಂದು, ಇಷ್ಟು ದೂರ ಬರಬಾರದಿತ್ತು ಸಾರ್, ಫೋನ್ ಮಾಡಿದ್ದರೆ ಸಾಕಿತ್ತು ಅಂದರು. ಗೋಡೆಯ ಮೇಲೆ ಫೋಟೋ ಇರಲಿಲ್ಲ. ಬರೀ ಮೊಳೆ ಇತ್ತು.

ನೀರು ಕೊಡುವ ಮೊದಲೇ ಹೇಳಲು ಶುರುಮಾಡಿದೆ. ಕುಡಿದರೆ ಹೇಳಲಾಗುವುದಿಲ್ಲ ಅನ್ನಿಸಿತು.

ಅಕ್ಟೋಬರ್‌ನಲ್ಲಿ, ವಿಜಯದಶಮಿಯ ದಿನ ಅಭಿಷೇಕ್ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಊಟದ ನಡುವೆ ಜೇಬಿನಿಂದ ಮಡಚಿದ ಕಾಗದ ತೆಗೆದ. ಅವನೇ ಮಾಡಿದ ಲೆಕ್ಕ. ಪ್ರತಿ ಚಕ್ರವನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ ಭಾರ ಬರೆದುಕೊಂಡಿದ್ದ. “ಅಂಕಲ್, ನಂಗೆ ತೊಂಬತ್ಮೂರೇ ಸೇಫ್ ಅನ್ಸುತ್ತೆ. ಉದ್ದ ಇದ್ರೆ ಒಂದೆರಡು ಕಡೆ ಸಿಕ್ಕಿ ಹಾಕ್ಕೊಳುತ್ತೆ, ಎಳೆದು ತೆಗೀಬಹುದು. ಗಿಡ್ಡ ಮಾಡಿದ್ರೆ ಹತ್ತುವಾಗ ನಾಲ್ಕು ಡಿಗ್ರಿ ಕಳ್ಕೋತೀವಿ. ನಿಕಿತಾನೂ ಕೂತಿರ್ತಾಳಲ್ಲ.” ಅವನು ಹೇಳಿದ್ದು ಇದೇ, ಇದೇ ಮಾತು.

ನಾನು ಕಾಗದವನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ನಕ್ಕೆ. ಮಗಳ ಮುಂದೆ, ಹೆಂಡತಿಯ ಮುಂದೆ, ಅಳಿಯನಾಗಬಹುದಾದ ಹುಡುಗನ ಮುಂದೆ, ನನ್ನ ಹನ್ನೊಂದು ವರ್ಷದ ಮೆಹಸಾಣಾ ತೆಗೆದೆ. “ನಾಲ್ಕು ಡಿಗ್ರೀಗೆ ಅಂಜಾಂವ ಮನ್ಯಾಗ ಇರಬೇಕು ತಮ್ಮಾ,” ಅಂದೆ. ಅವನ ಕಿವಿ ಕೆಂಪಗಾಯಿತು. ನಿಕಿತಾ ಏನೋ ಹೇಳಹೋದಳು, ಅವನೇ ತಡೆದ. “ಸರಿ ಅಂಕಲ್, ಎಂಬತ್ತೇ ಮಾಡೋಣ,” ಅಂದು ಕಾಗದ ಮಡಚಿ ಜೇಬಿಗಿಟ್ಟುಕೊಂಡ.

ಇಷ್ಟನ್ನೂ ಹೇಳಿದೆ. ಬೆಲ್ಟು, ಹೆಲ್ಮೆಟ್ಟು, ರಣಛೋಡ್‌ಭಾಯಿಯ ಮೂರು ದಿನ. ನನ್ನ ನಲವತ್ತೆರಡು ಡಿಗ್ರಿ. ಅವನ ನಾಲ್ಕು ಡಿಗ್ರಿ ಸರಿಯಾಗಿಯೇ ಇತ್ತು. ಕ್ಲಬ್ಬಿಗೆ ನಾನು ಕಳಿಸಿದ ಆರನೆಯ ಅಂಶವನ್ನೂ ಹೇಳಿದೆ.

ದಿವಾಕರ ಖಾಲಿ ಮೊಳೆಯ ಕಡೆ ನೋಡಿದರು. ಆಮೇಲೆ ಕೇಳಿದರು, “ನಾನು ನಿಮ್ಮನೆಗೆ ಬಂದಿದ್ನಲ್ಲ. ಕೈ ಹಿಡ್ಕೊಂಡಿದ್ನಲ್ಲ. ಆಗ ಗೊತ್ತಿತ್ತಾ ಇದೆಲ್ಲ?”

“ನಾನು ಏನು ಅಂದಿದ್ದೆ ಅನ್ನೋದು ಗೊತ್ತಿತ್ತು.”

“ಚಹಾ ಕೊಟ್ರಿ.”

“ಹೌದು.”

ಅವರು ಎದ್ದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಇತ್ತು. ಹೊಡೆಯಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು.

“ಐವತ್ನಾಲ್ಕು ದಿನ, ಜಯತೀರ್ಥ. ಬೆಳಿಗ್ಗೆ ಎದ್ರೆ ಬೈಯ್ತೀನಿ, ಮಲಗೋಕ್ ಮುಂಚೆ ಬೈಯ್ತೀನಿ. ಹೆಣ ಇಟ್ಟಿದ್ದಾಗಲೂ ಬೈದೆ. ಅವನ ಕಿವಿಯ ಹತ್ರ ಬಗ್ಗಿ ಬೈದೆ ನಾನು. ಅದನ್ನ ಹೆಂಗ್ರೀ ವಾಪಸ್ ತಗೊಳ್ಲಿ?”

ನಾನೂ ಎದ್ದೆ.

“ಹೋಗ್ಬಿಡಿ,” ಅಂದರು. ಜೋರಾಗಿ ಅಲ್ಲ.

ಲಿಫ್ಟಿನ ಹತ್ತಿರ ಬಂದಾಗ ಹಿಂದೆ ಚಪ್ಪಲಿಯಿಲ್ಲದ ಹೆಜ್ಜೆ ಕೇಳಿತು. ಪದ್ಮಾ. ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಇಟ್ಟರು.

“ಅವನು ಏನಂದ ಅಂದ್ರಲ್ಲ, ಇನ್ನೊಂದ್ಸಲ ಹೇಳಿ.”

ಹೇಳಿದೆ. ನಿಕಿತಾನೂ ಕೂತಿರ್ತಾಳಲ್ಲ ಎಂಬಲ್ಲಿಗೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡರು. ಮತ್ತೊಮ್ಮೆ ಹೇಳಿ ಅಂದರು. ಮತ್ತೊಮ್ಮೆ ಹೇಳಿದೆ. ಲಿಫ್ಟು ಕೂಗುತ್ತಿತ್ತು. ಕೆಳಗಿನ ಮಹಡಿಯವರು ಗುಜರಾತಿಯಲ್ಲಿ ಬಯ್ಯುತ್ತಿದ್ದರು.

“ಅವನ ಧ್ವನಿ ಹೆಂಗಿತ್ತು? ಹೆದರ್ಕೊಂಡಿದ್ನಾ?”

“ಇಲ್ಲಮ್ಮ. ಎಲ್ಲ ನೋಡಿಕೊಂಡು ಬಂದವನ ಧ್ವನಿ.”

ಕೈ ತೆಗೆದರು. ಬಾಗಿಲು ಮುಚ್ಚಿತು.

ರೈಲು ಭರೂಚ್ ಹತ್ತಿರ ಬಂತು. ನರ್ಮದೆಯ ಸೇತುವೆಯ ಮೇಲೆ ಯಾರೋ ನಾಣ್ಯ ಎಸೆದು ಕೈಮುಗಿದರು. ನಾನು ಕೈಮುಗಿಯಲಿಲ್ಲ.

ಮಾರ್ಚ್ 3, ಸೋಮವಾರ

ಆದರ್ಶ ಪಟೇಲ್‌ಗೆ ಹೊಸ ಕಾಗದ ಕಳಿಸಿದೆ. ಹಳೆಯದು ಸುಳ್ಳು, ತೆಗೆದು ಹಾಕಿ ಎಂದು ಬರೆದೆ. ಎಂಬತ್ತು ಇಂಚು ನಾನು ಹೇಳಿದ್ದು. ಅಭಿಷೇಕ್ ಬೇಡವೆಂದಿದ್ದ. ಪೊಲೀಸ್ ಠಾಣೆಗೂ ಒಂದು ಪ್ರತಿ.

ನಿಕಿತಾಳ ಕೋಣೆಯ ಬಾಗಿಲ ಕೆಳಗೆ ಒಂದು ಪ್ರತಿ ಸರಿಸಿದೆ. ಊಟದ ಹೊತ್ತಿಗೆ ಹೊರಗೆ ಬಂದು ನನ್ನ ಎದುರು ಕೂತಳು. ಎಡಗೈಯಿಂದ ಚಪಾತಿ ಹರಿಯಲಾಗದೆ ಒದ್ದಾಡುತ್ತಿದ್ದಳು. ಹರಿದುಕೊಟ್ಟೆ. ಅವಳು ತಟ್ಟೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಆಮೇಲೆ ಅತ್ತಳು. ಅವಳು ಚಿಕ್ಕವಳಿದ್ದಾಗ ಬಿದ್ದರೆ ಅಳುತ್ತಿದ್ದ ಹಾಗೆ, ಬಾಯಿ ತೆರೆದು. ಪದ್ಮಾವತಿ ಎದ್ದು ಹೋಗಿ ತಬ್ಬಿಕೊಂಡಳು. ನಾನು ಎದ್ದು ನಿಂತೆ, ಅಷ್ಟೆ.

ಮಾರ್ಚ್ 11

ಠಾಣೆಯಲ್ಲಿ ಹೇಳಿಕೆ ಬರೆಸಿಕೊಂಡರು. ಸಲಹೆ ಕೊಡುವುದು ಅಪರಾಧವಲ್ಲ ಸಾಹೇಬ್, ಅಂದ ಅಧಿಕಾರಿ. ಸಮಾಧಾನಕ್ಕೆ ಹೇಳಿದ. ನನಗೆ ಸಮಾಧಾನವಾಗಲಿಲ್ಲ. ನಿಕಿತಾ ನಿನ್ನೆ ಕೆಲಸಕ್ಕೆ ಹೋದಳು, ವಡೋದರಾಕ್ಕೆ. ಸ್ಟೇಷನ್ನಿಗೆ ನಾನು ಬರಲೇ ಎಂದಾಗ ಬೇಡ ಅನ್ನಲಿಲ್ಲ.

ಮಾರ್ಚ್ 16, ಭಾನುವಾರ. ವಡೋದರಾ

ಮೊನ್ನೆ ಹೋಳಿಯ ದಿನ ದಿವಾಕರ ಅವರ ಫೋನ್ ಬಂತು. “ಆ ಗಾಡಿ ನೋಡ್ಬೇಕು. ಭಾನುವಾರ ಹತ್ತಕ್ಕೆ ಬರ್ತೀನಿ. ನೀವು ಇರ್ಬೇಕು.” ಇಟ್ಟುಬಿಟ್ಟರು.

ಹತ್ತಕ್ಕೆ ಸರಿಯಾಗಿ ಆಟೋದಿಂದ ಇಳಿದರು. ನನಗೆ ನಮಸ್ಕಾರ ಮಾಡಲಿಲ್ಲ. ರಣಛೋಡ್‌ಭಾಯಿ ತಾಡಪತ್ರೆ ತೆಗೆದು, ತಾನೇ ಹೊರಗೆ ಹೋಗಿ ನಿಂತ. ದಿವಾಕರ ಜೀಪಿನ ಸುತ್ತ ಒಂದು ಸುತ್ತು ಬಂದರು. ಬಾಗಿದ ಪಂಜರವನ್ನು ಮುಟ್ಟಲಿಲ್ಲ. ಸ್ಟಿಯರಿಂಗ್ ಮುಟ್ಟಿದರು.

“ತೊಂಬತ್ಮೂರು ಎಲ್ಲಿಗೆ ಬರುತ್ತೆ, ತೋರಿಸಿ.”

ಟೇಪು ತೆಗೆದೆ. ಮುಂಚಕ್ರದ ನಡುವೆ ತುದಿ ಹಿಡಿಯಲು ನಾನು ಕೂತೆ. ಮೊಣಕಾಲು ನೆಲಕ್ಕೆ ಊರಬೇಕಾಯಿತು. ಇನ್ನೊಂದು ತುದಿಯನ್ನು ಅವರು ಎಳೆದುಕೊಂಡು ಹಿಂದೆ ನಡೆದರು. ಹಿಂಚಕ್ರದ ನಡುವಿಗೆ ಎಂಬತ್ತು. ಅಲ್ಲಿ ಒಂದು ಕ್ಷಣ ನಿಂತು, ನನ್ನ ಕಡೆ ನೋಡಿದರು. “ಇನ್ನೂ ಹಿಂದೆ,” ಅಂದೆ. ನಡುವನ್ನು ದಾಟಿ ಹೋದರು. ಎಂಬತ್ತೈದು. ತೊಂಬತ್ತು. ಟೈರಿನ ಹಿಂದಿನ ಅಂಚಿನ ಹತ್ತಿರ, ಯಾವ ಗುರುತೂ ಇಲ್ಲದ ಜಾಗದಲ್ಲಿ, “ಅಲ್ಲಿ,” ಅಂದೆ.

ಕನ್ನಡಕ ಸರಿಮಾಡಿಕೊಂಡು ಅಂಕೆ ಓದಿದರು. ಹೆಬ್ಬೆರಳನ್ನು ಅದರ ಮೇಲಿಟ್ಟು ಒತ್ತಿ ಹಿಡಿದರು. ಹಿಂಚಕ್ರದ ನಡುವಿನಿಂದ ಅವರ ಹೆಬ್ಬೆರಳಿಗೆ ಒಂದೂವರೆ ಗೇಣಿಗಿಂತ ಕಡಿಮೆ.

“ಅವನು ಇಲ್ಲಿ ಇಡೋಣ ಅಂದಿದ್ನಾ?”

“ಹೌದು. ಅಲ್ಲೇ.”

“ಸರಿಯಾಗಿ ಹೇಳಿದ್ದ.”

“ಸರಿಯಾಗಿ ಹೇಳಿದ್ದ.”

ಅವರು ಹೆಬ್ಬೆರಳು ತೆಗೆಯಲಿಲ್ಲ. ಹೊರಗೆ ರಣಛೋಡ್‌ಭಾಯಿ ಯಾರಿಗೋ ಆಮೇಲೆ ಬಾ ಎಂದು ಹೇಳಿ ಕಳಿಸುತ್ತಿದ್ದ. ದಿವಾಕರ ಬಗ್ಗಿಯೇ ನಿಂತಿದ್ದರು. “ಜಾಣ ಕಣೋ ನೀನು,” ಅಂದರು, ನನಗಲ್ಲ. ನನ್ನ ಮೊಣಕಾಲು ನೋಯುತ್ತಿತ್ತು. ಟೇಪು ಸಡಿಲವಾಗದ ಹಾಗೆ ನನ್ನ ತುದಿಯನ್ನು ಹಿಡಿದುಕೊಂಡೇ ಕೂತೆ.